ಪ್ಯಾನೆಲ್ ತೋರಿಸಿದ್ದೊಂದು, ಹಳಿ ತಿರುಗಿದ್ದೊಂದು

ನೆಟ್‌ವರ್ಕ್ ಕೆಲಸದವರ ಪಕ್ಕ ಕೂತು ಕೆಲಸ ಮಾಡಿದವರಿಗೆಲ್ಲ ಒಂದು ಗೋಳು ಚೆನ್ನಾಗಿ ಗೊತ್ತಿರುತ್ತದೆ. ಹಳೇ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ತೆಗೆದು ಹೊಸದನ್ನು ತಂದಿರುತ್ತಾರೆ. ಸ್ವಿಚ್ಚುಗಳು ಅವೇ, ಕೇಬಲ್ಲುಗಳು ಅವೇ, ಜನರೂ ಅವರೇ. ಆದರೆ ಮಾರನೇ ದಿನ ಬೆಳಿಗ್ಗೆ ಮೂರನೇ ಮಹಡಿಯ ಪ್ರಿಂಟರ್ ಸಿಗುವುದಿಲ್ಲ, ಗೇಟಿನ ಕ್ಯಾಮರಾ ಕಪ್ಪಾಗಿರುತ್ತದೆ, ಅಕೌಂಟ್ಸ್ ವಿಭಾಗದವರ ಕಂಪ್ಯೂಟರುಗಳು ಇನ್ಯಾವುದೋ ವಿಭಾಗದ ಜಾಲಕ್ಕೆ ಹೋಗಿ ಸೇರಿಕೊಂಡಿರುತ್ತವೆ. ಯಾರನ್ನು ಕೇಳಿದರೂ "ನಾನೇನೂ ಮುಟ್ಟಿಲ್ಲ ಮಾರಾಯ" ಅನ್ನುವ ಉತ್ತರ. ವಿಶೇಷ ಏನೆಂದರೆ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಮುಟ್ಟಿದ್ದು ಮನುಷ್ಯರಲ್ಲ, ಹೊಸ ಸಾಫ್ಟ್‌ವೇರು.

ಇಲ್ಲಿ ಸ್ವಿಚ್ ಅಂದರೆ ಗೋಡೆ ಮೇಲಿನ ಲೈಟಿನ ಸ್ವಿಚ್ ಅಲ್ಲ. ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಸೇರಿಸುವ, ಸಾಲುಸಾಲು ತೂತುಗಳಿರುವ ಡಬ್ಬಿ. ಯಾವ ತೂತಿನಿಂದ ಬಂದ ಮಾಹಿತಿ ಯಾವ ತೂತಿಗೆ ಹೋಗಬೇಕು, ಯಾವುದಕ್ಕೆ ಹೋಗಲೇಬಾರದು ಅನ್ನುವ ಕಟ್ಟಳೆಗಳು ಅದರೊಳಗೆ ಬರೆದಿರುತ್ತವೆ. ಅದಕ್ಕೇ ಕಾನ್ಫಿಗರೇಷನ್ ಅನ್ನುವುದು. ಹತ್ತು ಸ್ವಿಚ್ ಇದ್ದರೆ ಒಂದೊಂದರ ಮುಂದೆ ಕೂತು ಬರೆಯಬಹುದು. ಸಾವಿರ ಇದ್ದರೆ? ಆಗ ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕು. ನಾನು ಸಾಫ್ಟ್‌ವೇರ್ ಎಂಜಿನಿಯರ್, ಹೊಟ್ಟೆಪಾಡಿಗೆ ಬರೆಯುವುದು ಇಂಥದ್ದೇ ಕೋಡು. ಹಾಗಾಗಿ ಈ ಗೋಳಿನ ಮೂಲ ಎಲ್ಲಿದೆ ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಅತಿ ಒಳ್ಳೆಯ ಉದಾಹರಣೆ ಕ್ಯಾಲಿಫೋರ್ನಿಯಾದ್ದಲ್ಲ. ನಮ್ಮ ಹೊಳಲ್ಕೆರೆಯ ಪಕ್ಕದ್ದೇ! ಆ ಕಥೆ ಹೇಳುವ ಮೊದಲು ಸ್ವಲ್ಪ ಹಿನ್ನೆಲೆ ಬೇಕು, ತಾಳ್ಮೆ ಇರಲಿ :-)

ಹೊಸ ಸಾಫ್ಟ್‌ವೇರ್ ಬಂದಾಗ ಏನಾಗುತ್ತದೆ ಅನ್ನುವುದನ್ನು ನಮ್ಮ ಕಡೆಯವರಿಗೆ ಪಹಣಿ ಇಟ್ಟುಕೊಂಡು ಹೇಳಿದರೆ ಬೇಗ ಅರ್ಥವಾಗುತ್ತದೆ. ಪಹಣಿಯಲ್ಲಿ ಒಬ್ಬರ ಹೆಸರು, ಹೊಲದಲ್ಲಿ ಉಳುತ್ತಿರುವವರು ಇನ್ನೊಬ್ಬರು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಮೂವತ್ತು ವರ್ಷದಿಂದ ಜಗಳವಿಲ್ಲದೆ ಉಳುತ್ತಿರುತ್ತಾರೆ. ಊರಿಗೆಲ್ಲ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ. ಹಳೇ ಶಾನುಭೋಗರ ಕಾಲದಲ್ಲಿ ಅದು ನಡೆದುಹೋಗುತ್ತಿತ್ತು, ಯಾಕೆಂದರೆ ಅವರಿಗೂ ಊರಿನ ಸಂಗತಿ ಗೊತ್ತು. ಊರನ್ನೇ ನೋಡಿರದ ಹೊಸಬರೊಬ್ಬರು ಬಂದು, ಪುಸ್ತಕದಲ್ಲಿ ಇರುವುದೇ ಸತ್ಯ, ಹೊಲದಲ್ಲಿ ಇರುವುದು ತಪ್ಪು ಅಂದುಕೊಂಡು ಬದುಗಳನ್ನೆಲ್ಲ ರಾತ್ರೋರಾತ್ರಿ ಪುಸ್ತಕಕ್ಕೆ ತಕ್ಕಂತೆ ಸರಿಸಿಬಿಟ್ಟರೆ ಹೇಗಿರುತ್ತದೆ? ನೆಟ್‌ವರ್ಕಿನಲ್ಲಿ ಆಗುವುದು ಅಕ್ಷರಶಃ ಇದೇ.

ಹೊಸ ಸಾಫ್ಟ್‌ವೇರಿನ ಹತ್ತಿರ ಒಂದು ಮಾದರಿ ಇರುತ್ತದೆ, ಪ್ರತಿ ಸ್ವಿಚ್ ಹೀಗೇ ಇರಬೇಕು ಅಂತ. ಯಾರೋ ಪುಣ್ಯಾತ್ಮರು ನಾಲ್ಕು ವರ್ಷದ ಹಿಂದೆ ಪ್ರಿಂಟರಿಗಾಗಿ ಸ್ವಿಚ್ಚಿನ ಮೇಲೆ ನೇರವಾಗಿ ಬರೆದ ಒಂದು ಸಾಲು ಆ ಮಾದರಿಯಲ್ಲಿ ಇರುವುದಿಲ್ಲ. ಸಾಫ್ಟ್‌ವೇರಿನ ಕಣ್ಣಿಗೆ ಅದು ಕಳೆ. ಕಿತ್ತು ಹಾಕುತ್ತದೆ. ಇನ್ನೊಂದು ಬಗೆಯೂ ಇದೆ. ಹಳೇ ಸಾಫ್ಟ್‌ವೇರನ್ನು ಪೂರ್ತಿ ನಿಲ್ಲಿಸಿರುವುದಿಲ್ಲ. ಹಗಲು ಹೊಸದು ಬರೆದದ್ದನ್ನು ರಾತ್ರಿ ಹಳೆಯದು ಅಳಿಸುತ್ತದೆ. ಒಂದು ಗಾಡಿಗೆ ಇಬ್ಬರು ಸಾರಥಿಗಳು. ಮೂರನೆಯ ಬಗೆ, ಬರೆಯದೆ ಬಿಟ್ಟ ಜಾಗಗಳದ್ದು. ಹಳೆಯದರಲ್ಲಿ "ಏನೂ ಹೇಳದಿದ್ದರೆ ಬೇಡ" ಅಂತ ಅರ್ಥ ಇದ್ದದ್ದು ಹೊಸದರಲ್ಲಿ "ಏನೂ ಹೇಳದಿದ್ದರೆ ಬೇಕು" ಅಂತ ಆಗಿರುತ್ತದೆ. ಈ ಮೂರೂ ಕಡೆ ರೋಗ ಒಂದೇ. ನೆಲದ ಮೇಲೆ ಇರುವುದಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ತಾಳೆ ಇಲ್ಲ, ತಾಳೆ ನೋಡದೆಯೇ ಅಧಿಕಾರವನ್ನು ಪುಸ್ತಕದ ಕೈಗೆ ಕೊಟ್ಟಾಗಿದೆ.

ಸರಿ, ಈಗ ರೈಲಿಗೆ ಬರೋಣ. ಇದ್ದಕ್ಕಿದ್ದ ಹಾಗೆ ರೈಲು ಯಾಕೆ ಅಂತೀರಾ? ಸ್ವಿಚ್ ಅನ್ನುವ ಪದ ನಮಗೆ ಬಂದ ದಾರಿಯಲ್ಲೇ ರೈಲಿದೆ. ಇಂಗ್ಲಿಷಿನಲ್ಲಿ ಈ ಪದದ ಹಳೆಯ ಅರ್ಥ ತೆಳ್ಳನೆಯ ಬಾಗುವ ಕೋಲು, ನಮ್ಮ ಮೇಷ್ಟ್ರುಗಳ ಕೈಯಲ್ಲಿ ಇರುತ್ತಿದ್ದ ಸೆಳೆ ಇದೆಯಲ್ಲ, ಅದು. ಆಮೇಲೆ ರೈಲಿನ ಕಾಲದಲ್ಲಿ ಒಂದು ಹಳಿಯಿಂದ ಇನ್ನೊಂದು ಹಳಿಗೆ ಗಾಡಿಯನ್ನು ಹೊರಳಿಸುವ, ಆಚೆ ಈಚೆ ಸರಿಯುವ ಹಳಿ ತುಂಡಿಗೆ ಈ ಹೆಸರು ಬಂತು. ಅಮೆರಿಕದವರು ಈಗಲೂ ಅದನ್ನು ಸ್ವಿಚ್ ಅನ್ನುತ್ತಾರೆ. ಬ್ರಿಟಿಷರು ಪಾಯಿಂಟ್ಸ್ ಅಂದರು, ಹಾಗಾಗಿ ನಮಗೂ ಅದು ಪಾಯಿಂಟು, ಅದನ್ನು ನೋಡಿಕೊಳ್ಳುವವರು ಪಾಯಿಂಟ್ಸ್‌ಮನ್. ಅಲ್ಲಿಂದ ಪದ ಟೆಲಿಗ್ರಾಫಿಗೆ, ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಯಿತು. ಕೊನೆಗೆ 1990ರಲ್ಲಿ ಮೊದಲ ಈಥರ್ನೆಟ್ ಸ್ವಿಚ್ ಮಾರುಕಟ್ಟೆಗೆ ಬಂದಾಗ ಕಂಪ್ಯೂಟರಿಗೂ ಬಂತು. ಅಂದ ಹಾಗೆ ಆ ಸ್ವಿಚ್ ಮಾಡಿದ ಕಂಪನಿಯ ಹೆಸರು ಏನು ಗೊತ್ತೇ? ಕಲ್ಪನಾ! ನಮ್ಮ ಮಿನುಗುತಾರೆಗೂ ಅದಕ್ಕೂ ಸಂಬಂಧವಿಲ್ಲ ಬಿಡಿ. 1994ರಲ್ಲಿ ಅದನ್ನು ಸಿಸ್ಕೋ ಕೊಂಡುಕೊಂಡಿತು.

ಅಂದರೆ ನಾವು ಈಗ ಡೇಟಾ ಸೆಂಟರಿನಲ್ಲಿ ಪಡುವ ಪಾಡನ್ನು ರೈಲ್ವೆಯವರು ನೂರೈವತ್ತು ವರ್ಷದ ಹಿಂದೆಯೇ ಪಟ್ಟಿದ್ದಾರೆ. ಮೊದಮೊದಲು ಪ್ರತಿ ಪಾಯಿಂಟಿನ ಪಕ್ಕ ಒಬ್ಬ ಮನುಷ್ಯ ನಿಂತು ಕೈಯಿಂದಲೇ ತಿರುಗಿಸುತ್ತಿದ್ದ. ಸಿಗ್ನಲ್ ತೋರಿಸುವವನು ಇನ್ನೊಬ್ಬ. ಇಬ್ಬರಿಗೂ ಮಾತು ಹೊಂದದಿದ್ದರೆ ಗಾಡಿ ಎಲ್ಲಿಗೋ. 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಎಂಬಾತ ಪಾಯಿಂಟು ಮತ್ತು ಸಿಗ್ನಲ್ ಎರಡನ್ನೂ ಕೂಡಿಸಿ ನಡೆಸುವ ಸಾಧನಕ್ಕೆ ಪೇಟೆಂಟ್ ಪಡೆದ. ಆಮೇಲಿನ ವರ್ಷಗಳಲ್ಲಿ ಅದು ಇಂಟರ್‌ಲಾಕಿಂಗ್ ಅನ್ನುವ ಪೂರ್ಣ ಪದ್ಧತಿಯಾಗಿ ಬೆಳೆಯಿತು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ ಶಾಲಾ ಮಕ್ಕಳಿದ್ದ ವಿಹಾರದ ರೈಲು ಅಪಘಾತಕ್ಕೀಡಾಗಿ ಸುಮಾರು 80 ಜನ ಸತ್ತರು. ಅದು ಬ್ರೇಕಿನ ತೊಂದರೆಯಿಂದ ಆದದ್ದು. ಆದರೂ ಅದೇ ವರ್ಷ ಬ್ರಿಟನ್ನಿನ ಸಂಸತ್ತು ಮಾಡಿದ ಕಾನೂನು, ಬ್ರೇಕಿನ ಜೊತೆಗೆ ಪಾಯಿಂಟು ಸಿಗ್ನಲ್‌ಗಳ ಇಂಟರ್‌ಲಾಕಿಂಗನ್ನೂ ಕಡ್ಡಾಯ ಮಾಡಿತು.

ಇಂಟರ್‌ಲಾಕಿಂಗ್ ಅಂದರೆ ಬೀಗದೊಳಗೆ ಬೀಗ. ಅದರ ಸಾರ ಮೂರೇ ಮಾತು. ಒಂದು, ಒಂದಕ್ಕೊಂದು ಅಡ್ಡ ಬರುವ ಎರಡು ದಾರಿಗಳಿಗೆ ಒಟ್ಟಿಗೆ ಸಿಗ್ನಲ್ ಕೊಡಲು ಬರಬಾರದು. ಎರಡು, ಪಾಯಿಂಟು ಸರಿಯಾದ ಕಡೆ ತಿರುಗಿ ಬಿಗಿಯಾಗಿ ಕೂರುವ ತನಕ ಸಿಗ್ನಲ್ ಕೊಡಲು ಬರಬಾರದು. ಮೂರು, ಒಮ್ಮೆ ಸಿಗ್ನಲ್ ಕೊಟ್ಟು ಗಾಡಿ ಹೊರಟ ಮೇಲೆ, ಅದು ದಾಟಿ ಹೋಗುವ ತನಕ ಪಾಯಿಂಟನ್ನು ಯಾರೂ ಅಲ್ಲಾಡಿಸಲು ಬರಬಾರದು. "ಮಾಡಬಾರದು" ಅಂತಲ್ಲ, "ಬರಬಾರದು" ಅಂತ. ಮನುಷ್ಯನಿಗೆ ಮನಸ್ಸಿದ್ದರೂ ಕಬ್ಬಿಣ ಒಪ್ಪಬಾರದು. ಹಳೇ ಸ್ಟೇಷನ್ನುಗಳ ಕ್ಯಾಬಿನ್ನಿನಲ್ಲಿ ಸಾಲಾಗಿ ನಿಂತಿರುತ್ತಿದ್ದ ಉದ್ದುದ್ದ ಲಿವರುಗಳನ್ನು ಹಿರಿಯರು ನೋಡಿರುತ್ತೀರಿ. ಅವುಗಳ ಕೆಳಗೆ ಕಬ್ಬಿಣದ ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಂಡು ಈ ಮೂರು ಮಾತನ್ನು ಕಾಯುತ್ತಿದ್ದವು. ಸಾಫ್ಟ್‌ವೇರಿನ ಭಾಷೆಯಲ್ಲಿ ಹೇಳುವುದಾದರೆ ಕಬ್ಬಿಣದಲ್ಲಿ ಬರೆದ ಪ್ರೋಗ್ರಾಮು.

ನಮ್ಮ ಕಡೆಗೆ ರೈಲು ಬಂದದ್ದು 1880ರ ದಶಕದಲ್ಲಿ. ಬೆಂಗಳೂರಿನಿಂದ ತುಮಕೂರು, ಬೀರೂರು ಮಾರ್ಗವಾಗಿ ಹರಿಹರದ ತನಕ ಹಾಕಿದ ಮೀಟರ್ ಗೇಜ್ ದಾರಿ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಆ ದಾರಿಯ ಮೇಲಿದೆ. ಅಲ್ಲಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಕವಲು ಬಂದದ್ದು 1920ರ ದಶಕದ ಆರಂಭದಲ್ಲಿ. ಅವತ್ತಿನಿಂದ ಚಿಕ್ಕಜಾಜೂರು ಜಂಕ್ಷನ್. ಈ ಒಂದು ಹಳಿ ಎಷ್ಟು ಯಜಮಾನರನ್ನು ಕಂಡಿದೆ ನೋಡಿ. ಮೊದಲು ಸದರ್ನ್ ಮರಾಠಾ ರೈಲ್ವೆ, 1908ರ ನಂತರ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಆಮೇಲೆ ಮೈಸೂರು ಸಂಸ್ಥಾನದ ರೈಲ್ವೆ, 1951ರಲ್ಲಿ ದಕ್ಷಿಣ ರೈಲ್ವೆ, 2003ರಿಂದ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಆಮೇಲೆ ಒಂಟಿ ಹಳಿ ಜೋಡಿ ಹಳಿ ಆಯಿತು. ಯಜಮಾನರ ಜೊತೆಗೆ ಉಪಕರಣವೂ ಬದಲಾಗುತ್ತಾ ಬಂತು. ದೇಶದ ಉದ್ದಗಲಕ್ಕೂ ಲಿವರ್ ಹೋಗಿ ಗುಂಡಿಗಳ ಪ್ಯಾನೆಲ್ ಬಂತು, ಪಟ್ಟಿಗಳ ಜಾಗಕ್ಕೆ ವಿದ್ಯುತ್ ರಿಲೇಗಳು ಬಂದವು, ರಿಲೇಗಳ ಜಾಗಕ್ಕೆ ಕಂಪ್ಯೂಟರ್ ಬರುತ್ತಿದೆ. 2023ರ ಮಧ್ಯದ ಹೊತ್ತಿಗೆ ದೇಶದಲ್ಲಿ 6,400ಕ್ಕೂ ಹೆಚ್ಚು ಸ್ಟೇಷನ್ನುಗಳು ಹೀಗೆ ಒಂದೇ ಕಡೆಯಿಂದ ಪಾಯಿಂಟು, ಸಿಗ್ನಲ್ ನಡೆಸುವ ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್‌ಗೆ ಬಂದಿದ್ದವು.

ಅನುಕೂಲ ಬಹಳ, ಅನುಮಾನವೇ ಬೇಡ. ಆದರೆ ಒಂದು ಸೂಕ್ಷ್ಮ ಇದೆ. ಲಿವರ್ ಎಳೆಯುವವನಿಗೆ ಹಳಿಯ ಭಾರ ತೋಳಿಗೇ ತಿಳಿಯುತ್ತಿತ್ತು. ಪಾಯಿಂಟಿನ ಸಂದಿಗೆ ಕಲ್ಲು ಸಿಕ್ಕಿದ್ದರೆ ಲಿವರ್ ಬರುತ್ತಿರಲಿಲ್ಲ. ಪ್ಯಾನೆಲ್ಲಿನಲ್ಲಿ ಕಾಣುವುದು ಹಳಿಯಲ್ಲ, ಹಳಿಯ ಬಗ್ಗೆ ಬಂದ ವರದಿ. ಹಳಿಯ ಪಕ್ಕದ ಯಂತ್ರದಿಂದ ತಂತಿ ಹೊರಟು, ದಾರಿಬದಿಯ ಪೆಟ್ಟಿಗೆಯೊಂದರ ಮೂಲಕ ಹಾದು, ರಿಲೇ ರೂಮಿಗೆ ಬಂದು, ಅಲ್ಲಿಂದ ಸ್ಟೇಷನ್ ಮಾಸ್ಟರ ಮೇಜಿನ ದೀಪ ಹೊತ್ತುತ್ತದೆ. ನಡುವೆ ಎಲ್ಲಾದರೂ ಯಾರಾದರೂ ಒಂದು ತಂತಿ ಅಡ್ಡ ಜೋಡಿಸಿದರೆ? ದೀಪ ನಿಶ್ಚಿಂತೆಯಿಂದ ಸರಿ ಅನ್ನುತ್ತಿರುತ್ತದೆ.

2023ರ ಫೆಬ್ರವರಿ 8. ಬೀರೂರು ಮತ್ತು ಚಿಕ್ಕಜಾಜೂರಿನ ನಡುವೆ ಹೊಸದುರ್ಗ ರೋಡ್ ಅನ್ನುವ ಸ್ಟೇಷನ್ನು. ರೈಲ್ವೆಯವರು ಹೆಸರಿಗೆ 'ರೋಡ್' ಸೇರಿಸಿದರೆ ಊರು ದೂರ ಇದೆ ಅಂತ ಅರ್ಥ, ಇಲ್ಲೂ ಹಾಗೆಯೇ. ಅವತ್ತು ಸಂಜೆ ಅಲ್ಲಿಂದ 12649 ನಂಬರಿನ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತು. ಸ್ಟೇಷನ್ ಮಾಸ್ಟರ ಪ್ಯಾನೆಲ್ಲಿನಲ್ಲಿ ದಾರಿ ಸರಿಯಾಗೇ ಇತ್ತು. ಗಾಡಿ ಹೊರಟ ಮೇಲೆ ಮುಂದಿನ ಪಾಯಿಂಟು ಅಪ್ ಲೈನಿನ ಬದಲು ಡೌನ್ ಲೈನಿನ ಕಡೆ, ಅಂದರೆ ಎದುರು ಗಾಡಿಗಳು ಬರುವ ಹಳಿಯ ಕಡೆ, ತಿರುಗಿ ನಿಂತಿತ್ತು. ಲೋಕೋ ಪೈಲಟ್ ಅದನ್ನು ಕಣ್ಣಾರೆ ನೋಡಿ, ಪಾಯಿಂಟು ತಲುಪುವ ಮೊದಲೇ ಗಾಡಿ ನಿಲ್ಲಿಸಿದರು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ್ದರಿಂದ ಸುದ್ದಿಯೂ ಆಗಲಿಲ್ಲ.

ಮಾರನೇ ದಿನ, ಫೆಬ್ರವರಿ 9ರಂದು, ನೈಋತ್ಯ ರೈಲ್ವೆಯ ರೈಲು ಸಂಚಾರದ ಅತಿ ಹಿರಿಯ ಅಧಿಕಾರಿ, ಪ್ರಧಾನ ಮುಖ್ಯ ಕಾರ್ಯಾಚರಣೆ ವ್ಯವಸ್ಥಾಪಕರು, ಒಂದು ಪತ್ರ ಬರೆದರು. ಪ್ಯಾನೆಲ್ಲಿನಲ್ಲಿ ದಾರಿ ಸರಿ ಕಾಣುತ್ತಿರುವಾಗಲೇ, ಗಾಡಿ ಹೊರಟ ಮೇಲೆ ದಾರಿ ಬದಲಾಗುವುದೆಂದರೆ ಅದು ಇಂಟರ್‌ಲಾಕಿಂಗಿನ ಮೂಲ ತತ್ತ್ವಕ್ಕೇ ವಿರುದ್ಧ, ವ್ಯವಸ್ಥೆಯಲ್ಲೇ ಗಂಭೀರ ದೋಷವಿದೆ, ಸಿಗ್ನಲ್ ನಿರ್ವಹಣೆಯ ಪದ್ಧತಿಯನ್ನು ತಕ್ಷಣ ಸರಿಪಡಿಸದಿದ್ದರೆ ಇದು ಮತ್ತೆ ನಡೆದು ದೊಡ್ಡ ಅಪಘಾತಗಳಾಗಬಹುದು ಅನ್ನುವುದು ಅದರ ಸಾರಾಂಶ. ಮೇಲೆ ಹೇಳಿದ ಮೂರು ಮಾತುಗಳಲ್ಲಿ ಮೂರನೆಯದು ಮುರಿದಿತ್ತು ಅಂತ ಓದಿಕೊಳ್ಳಿ. ಸ್ವಿಚ್ಚಿನ ಕಾನ್ಫಿಗರೇಷನ್ ಯಾರಿಗೂ ಹೇಳದೆ ಬದಲಾಗುವುದಕ್ಕೆ ಇದಕ್ಕಿಂತ ಒಳ್ಳೆಯ, ಇದಕ್ಕಿಂತ ಭಯ ಹುಟ್ಟಿಸುವ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಆ ಪತ್ರ ನಮ್ಮ ನಿಮ್ಮ ಕಣ್ಣಿಗೆ ಬಿದ್ದದ್ದು ನಾಲ್ಕು ತಿಂಗಳಾದ ಮೇಲೆ, ಒಡಿಶಾದ ಬಾಲಸೋರ್ ಜಿಲ್ಲೆಯಲ್ಲಿ ಸಾವಿನ ರಾಶಿ ಬಿದ್ದ ನಂತರ. 2023ರ ಜೂನ್ 2ರ ಸಂಜೆ ಬಹನಗಾ ಬಜಾರ್ ಸ್ಟೇಷನ್ನಿನಲ್ಲಿ ಚೆನ್ನೈ ಕಡೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮೇನ್ ಲೈನಿನಲ್ಲಿ ಹೋಗಲು ಹಸಿರು ಸಿಗ್ನಲ್ ಸಿಕ್ಕಿತು. ಪಾಯಿಂಟು ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಲೂಪ್ ಲೈನಿನಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿತ್ತು. ಪೂರ್ಣ ವೇಗದಲ್ಲಿದ್ದ ಎಕ್ಸ್‌ಪ್ರೆಸ್ ಅದಕ್ಕೆ ಗುದ್ದಿತು. ಚೆಲ್ಲಾಡಿದ ಬೋಗಿಗಳು, ಅದೇ ಹೊತ್ತಿಗೆ ಪಕ್ಕದ ಹಳಿಯಲ್ಲಿ ಸಾಗುತ್ತಿದ್ದ ನಮ್ಮ ಬೆಂಗಳೂರು-ಹೌರಾ ಎಕ್ಸ್‌ಪ್ರೆಸ್ಸಿನ ಹಿಂದಿನ ಬೋಗಿಗಳಿಗೆ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು.

ರೈಲ್ವೆ ಸುರಕ್ಷತಾ ಆಯುಕ್ತರ ತನಿಖಾ ವರದಿ ಓದಿದರೆ ನೆಟ್‌ವರ್ಕ್ ಕೆಲಸದವರಿಗೆ ಮೈ ಜುಮ್ಮೆನ್ನುತ್ತದೆ, ಯಾಕೆಂದರೆ ಅದರಲ್ಲಿರುವ ಪ್ರತಿ ತಪ್ಪೂ ನಮಗೆ ಪರಿಚಯದ್ದೇ. ಹಿಂದೆ, 2018ರಲ್ಲಿ, ಸಿಗ್ನಲ್ ಸರ್ಕೀಟಿನಲ್ಲಿ ಒಂದು ಬದಲಾವಣೆ ಮಾಡಿದ್ದರು. ಅದು ತಂತಿಗಳ ನಕ್ಷೆಗೆ ಸೇರಲಿಲ್ಲ. ಪೆಟ್ಟಿಗೆಯೊಳಗಿನ ತಂತಿಗಳಿಗೆ ಅಂಟಿಸಿದ ಹೆಸರುಗಳು ತಪ್ಪಾಗಿದ್ದವು. ವರ್ಷಗಟ್ಟಲೆ ಯಾರ ಗಮನಕ್ಕೂ ಬರಲಿಲ್ಲ. ಅಪಘಾತದ ದಿನ ಪಕ್ಕದ ಲೆವೆಲ್ ಕ್ರಾಸಿಂಗಿನ ಹಳೇ ಗೇಟನ್ನು ತೆಗೆದು ವಿದ್ಯುತ್ತಿನಿಂದ ಏಳುವ ಹೊಸ ಗೇಟು ಕೂರಿಸುವ ಕೆಲಸ ನಡೆಯುತ್ತಿತ್ತು. ಅಂದರೆ ಸಣ್ಣದೊಂದು ಮೈಗ್ರೇಷನ್! ಹೆಸರುಚೀಟಿ ನಂಬಿ ತಂತಿ ಜೋಡಿಸಿದರು. ಪಾಯಿಂಟು ಲೂಪಿಗೆ ತಿರುಗಿದ್ದರೂ ಮೇನ್ ಲೈನಿಗೇ ಇದೆ ಅನ್ನುವ ಸುಳ್ಳು ವರದಿ ಇಂಟರ್‌ಲಾಕಿಂಗಿಗೆ ಹೋಯಿತು. ಅದು ತನಗೆ ಬಂದ ವರದಿ ನಂಬಿ ಪ್ರಾಮಾಣಿಕವಾಗಿ ಹಸಿರು ತೋರಿಸಿತು. ಒಂದು ವರ್ಷ ಮೊದಲು, 2022ರ ಮೇ 16ರಂದು, ಅದೇ ಆಗ್ನೇಯ ರೈಲ್ವೆಯ ಬಾಂಕ್ಡಾ ನಯಾಬಾಜ್ ಎಂಬಲ್ಲಿ ತಪ್ಪು ವೈರಿಂಗಿನಿಂದ ಇಂಥದ್ದೇ ಘಟನೆ ನಡೆದಿತ್ತು, ಆಗಲೇ ಸರಿಪಡಿಸಿದ್ದರೆ ಇದು ಆಗುತ್ತಿರಲಿಲ್ಲ ಅಂತ ವರದಿಯಲ್ಲೇ ಇದೆ. ತಪ್ಪು ಒಬ್ಬರದ್ದಲ್ಲ, ಹಲವು ಹಂತಗಳದ್ದು ಅಂತಲೂ ಇದೆ.

ಹೊಸದುರ್ಗ ರೋಡಿನಲ್ಲಿ ಆದದ್ದೂ ಬಾಲಸೋರಿನಲ್ಲಿ ಆದದ್ದೂ ತಾಂತ್ರಿಕವಾಗಿ ಒಂದೇ ಅಲ್ಲ. ಒಂದರಲ್ಲಿ ದಾರಿ ಆಮೇಲೆ ಬದಲಾಯಿತು, ಇನ್ನೊಂದರಲ್ಲಿ ಮೊದಲೇ ಸುಳ್ಳಾಗಿತ್ತು. ಎರಡರಲ್ಲೂ ಇರುವ ಸಮಾನ ಅಂಶ, ಪ್ಯಾನೆಲ್ಲಿಗೂ ಹಳಿಗೂ ಇದ್ದ ನಂಟು ಕಳಚಿತ್ತು ಅನ್ನುವುದು.

ಈಗ ನಮ್ಮ ಡಬ್ಬಿಗಳಿಗೆ ವಾಪಸ್ ಬರೋಣ. ಕಂಪ್ಯೂಟರ್ ಸ್ವಿಚ್ಚುಗಳ ಚರಿತ್ರೆಯಲ್ಲಿ ಈ ಪಾಠ ಎಷ್ಟು ಸಲ ಮರುಕಳಿಸಿದೆ ಗೊತ್ತೇ? ಸಿಸ್ಕೋದವರ ವಿಟಿಪಿ ಅನ್ನುವ ಪದ್ಧತಿಯೊಂದಿದೆ. ಜಾಲದ ವಿಭಾಗಗಳ ಪಟ್ಟಿಯನ್ನು, ಅಂದರೆ ಅಕೌಂಟ್ಸಿಗೆ ಇದು, ಕ್ಯಾಮರಾಗಳಿಗೆ ಇದು ಅನ್ನುವ ಪಟ್ಟಿಯನ್ನು, ಸ್ವಿಚ್ಚುಗಳು ತಾವೇ ಪರಸ್ಪರ ಹಂಚಿಕೊಳ್ಳುತ್ತವೆ. ಪಟ್ಟಿ ಬದಲಾದಾಗಲೆಲ್ಲ ಅದರ ಆವೃತ್ತಿ ಸಂಖ್ಯೆ ಒಂದು ಏರುತ್ತದೆ. ಯಾರ ಸಂಖ್ಯೆ ದೊಡ್ಡದೋ ಅವರ ಪಟ್ಟಿಯೇ ವೇದ. ಕೇಳಲು ಚೆನ್ನಾಗಿದೆ. ಆದರೆ ಮೂಲೆಯಲ್ಲಿ ಬಿದ್ದಿದ್ದ ಪ್ರಯೋಗದ ಸ್ವಿಚ್ಚೊಂದನ್ನು ತಂದು ಅದೇ ಡೊಮೇನ್ ಹೆಸರಿನಲ್ಲಿ ಜಾಲಕ್ಕೆ ಸಿಕ್ಕಿಸಿದರೆ, ಪ್ರಯೋಗಗಳಿಂದಾಗಿ ಅದರ ಸಂಖ್ಯೆ ದೊಡ್ಡದಿದ್ದರೆ, ಇಡೀ ಕಟ್ಟಡದ ಪಟ್ಟಿ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಎಷ್ಟೋ ಆಫೀಸುಗಳು ಹೀಗೆ ಮಲಗಿವೆ. ಆಮೇಲೆ ಬಂದ ಮೂರನೇ ಆವೃತ್ತಿಯಲ್ಲಿ, ಮುಖ್ಯ ಸರ್ವರ್ ಅಂತ ಯಾರಾದರೂ ಮನುಷ್ಯರು ಬೇಕೆಂದೇ ನೇಮಿಸಿದ ಸ್ವಿಚ್ ಮಾತ್ರ ಪಟ್ಟಿ ಬದಲಿಸಬಹುದು ಅಂತ ಕಟ್ಟು ಹಾಕಿದರು.

ಇನ್ನು ಎಸ್‌ಎನ್‌ಎಂಪಿ ಅನ್ನುವ ನಿರ್ವಹಣಾ ಭಾಷೆ. 1988ರಲ್ಲಿ ಬಂದದ್ದು. ಸ್ವಿಚ್ಚಿನಿಂದ ಓದಲೂಬಹುದು, ಸ್ವಿಚ್ಚಿಗೆ ಬರೆಯಲೂಬಹುದು ಅಂತ ಮಾಡಿದ್ದರು. ಆದರೆ ಕೆಲಸದವರು ಓದಲು ಬಳಸಿದರೇ ಹೊರತು ಬರೆಯಲು ಬಳಸಲೇ ಇಲ್ಲ. ಯಾಕೆ ಅಂತ ಕೇಳಲು 2002ರಲ್ಲಿ ಇಂಟರ್ನೆಟ್ ಆರ್ಕಿಟೆಕ್ಚರ್ ಬೋರ್ಡಿನವರು ಜಾಲ ನಡೆಸುವವರನ್ನೂ ಪ್ರೋಟೋಕಾಲ್ ಬರೆಯುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಕೂಡಿಬಂದ ಮಾತುಗಳು ಬಹಳ ಸರಳ. ಒಂದೊಂದು ಸ್ವಿಚ್ಚಿನ ಬಗ್ಗೆ ಅಲ್ಲ, ಇಡೀ ಜಾಲದ ಬಗ್ಗೆ ಯೋಚಿಸಲು ಬರಬೇಕು. ಎರಡು ಕಾನ್ಫಿಗರೇಷನ್ನುಗಳ ವ್ಯತ್ಯಾಸ ಕಣ್ಣಿಗೆ ಕಾಣಬೇಕು. ಕೆಟ್ಟರೆ ಹಿಂದಿನದಕ್ಕೆ ಮರಳಲು ಬರಬೇಕು. ಅದರ ಫಲವಾಗಿ 2006ರಲ್ಲಿ ನೆಟ್‌ಕಾನ್ಫ್ ಬಂತು. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಸೌಲಭ್ಯ. ಬದಲಾವಣೆ ಮಾಡಿದ ಮೇಲೆ ನಿಗದಿತ ಸಮಯದೊಳಗೆ "ಹೌದು, ಎಲ್ಲ ಸರಿ ಇದೆ" ಅಂತ ಇನ್ನೊಮ್ಮೆ ಹೇಳದಿದ್ದರೆ ಸ್ವಿಚ್ ತಾನಾಗಿಯೇ ಹಳೇ ಸ್ಥಿತಿಗೆ ಮರಳುತ್ತದೆ. ಬದಲಾವಣೆಯಿಂದ ನಮ್ಮ ಸಂಪರ್ಕವೇ ಕಡಿದುಹೋದರೆ ಹೇಳಲು ನಾವಿರುವುದಿಲ್ಲವಲ್ಲ, ಅದಕ್ಕೆ!

ಬೇಡದ ಬಾಗಿಲು ತೆರೆದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಸೆಂಚುರಿಲಿಂಕ್ ಕಥೆ ಇದೆ. 2018ರ ಡಿಸೆಂಬರ್ 27ರಂದು ಅವರ ಜಾಲದ ಒಂದು ಕಾರ್ಡು ಕೆಟ್ಟು ವಿಕಾರವಾದ ಪ್ಯಾಕೆಟ್ಟುಗಳನ್ನು ಕಳಿಸತೊಡಗಿತು. ಅವು ಹರಡಿದ್ದು ಉಪಕರಣಗಳ ನಿರ್ವಹಣೆಗೆಂದೇ ಇದ್ದ ಒಂದು ಒಳದಾರಿಯಲ್ಲಿ. ಆ ದಾರಿಯನ್ನು ಕಂಪನಿ ಬಳಸುತ್ತಲೇ ಇರಲಿಲ್ಲ, ತಯಾರಕರು ಕಳಿಸುವಾಗಲೇ ತೆರೆದಿಟ್ಟಿದ್ದರು, ಇವರು ಮುಚ್ಚಿರಲಿಲ್ಲ. ಸುಮಾರು 37 ಗಂಟೆ ಜಾಲ ನರಳಿತು. 2.2 ಕೋಟಿ ಗ್ರಾಹಕರಿಗೆ ತೊಂದರೆ ತಟ್ಟಿತು, ತುರ್ತು ಕರೆಯ 911 ಸೇವೆಗೂ ಬಿತ್ತು ಪೆಟ್ಟು. ಅಲ್ಲಿ ಕರೆ ಮಾಡಿದವರಲ್ಲಿ ಎಷ್ಟು ಮನೆಗಳಲ್ಲಿ ಎದೆನೋವೋ, ಬೆಂಕಿಯೋ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನಿಸಿದ್ದು ಇದು. ನಾವು ಸಾಫ್ಟ್‌ವೇರಿನವರು ರೈಲ್ವೆಯನ್ನು ನೋಡಿ ಹಳೇ ಕಾಲದ ಇಲಾಖೆ, ಬರೀ ಫಾರಂ, ಬರೀ ರಿಜಿಸ್ಟರು ಅಂತ ನಗುತ್ತೇವೆ. ಆದರೆ ನಿರ್ವಹಣೆಯ ಪದ್ಧತಿ ಬದಲಿಸುವಾಗ ಹೇಗಿರಬೇಕು ಅನ್ನುವುದು ಅವರ ನಿಯಮಗಳಲ್ಲಿ ನಮ್ಮದಕ್ಕಿಂತ ಚೆನ್ನಾಗಿದೆ. ಪೇಪರಿನಲ್ಲಿ ಆಗಾಗ "ನಾನ್ ಇಂಟರ್‌ಲಾಕಿಂಗ್ ಕಾಮಗಾರಿ ನಿಮಿತ್ತ ಕೆಲವು ರೈಲುಗಳು ರದ್ದು" ಅಂತ ಸಣ್ಣ ಸುದ್ದಿ ಬರುತ್ತದಲ್ಲ, ಊರಿಗೆ ಹೋಗುವ ದಿನವೇ ಬಂದು ನಮ್ಮ ಬಾಯಲ್ಲಿ ಬೈಸಿಕೊಳ್ಳುತ್ತದಲ್ಲ, ಅದೇ ಅವರ ಮೈಗ್ರೇಷನ್. ಹಳೇ ಇಂಟರ್‌ಲಾಕಿಂಗ್ ಬಿಚ್ಚಿ ಹೊಸದು ಕೂರಿಸುವ ದಿನಗಳಲ್ಲಿ ಯಾವ ಪ್ಯಾನೆಲ್ಲನ್ನೂ ನಂಬುವುದಿಲ್ಲ. ಗಾಡಿಗಳನ್ನು ಕಡಿಮೆ ಮಾಡುತ್ತಾರೆ. ಪ್ರತಿ ಪಾಯಿಂಟನ್ನೂ ಕೈಯಿಂದ ತಿರುಗಿಸಿ, ಕ್ಲಾಂಪ್ ಹಾಕಿ, ಬೀಗ ಜಡಿದು, ಗಾಡಿಯನ್ನು ತೆವಳಿಸುತ್ತಾರೆ. ಹೊಸ ಪ್ಯಾನೆಲ್ಲಿಗೆ ಅಧಿಕಾರ ಕೊಡುವ ಮೊದಲು ಒಂದೊಂದು ಗುಂಡಿ ಒತ್ತಿ, ಆ ತುದಿಯಲ್ಲಿ ನಿಂತವರು ಹಳಿ ನಿಜವಾಗಿ ಎತ್ತ ತಿರುಗಿತು ಅಂತ ನೋಡಿ ಹೇಳಬೇಕು. ಆಮೇಲೂ ಅಷ್ಟೇ. ಸಿಗ್ನಲ್ ನೋಡಿಕೊಳ್ಳುವವರು ಪೆಟ್ಟಿಗೆ ತೆರೆದು ಉಪಕರಣದ ಸಂಪರ್ಕ ಬಿಚ್ಚಬೇಕಾದರೆ ಟಿ-351 ಅನ್ನುವ ಫಾರಂ ತುಂಬಿ ಸ್ಟೇಷನ್ ಮಾಸ್ಟರ ಸಹಿ ಪಡೆಯಬೇಕು, ಕೆಲಸ ಮುಗಿದು ಮತ್ತೆ ಜೋಡಿಸಿದಾಗ ಇನ್ನೊಂದು ಸಹಿ. ಬಾಲಸೋರಿನ ನಂತರ ದೇಶದಾದ್ಯಂತ ರಿಲೇ ರೂಮುಗಳ ಜೋಡಿ ಬೀಗ ಸರಿಯಾಗಿದೆಯೇ ಪರೀಕ್ಷಿಸಿ ಅಂತ ರೈಲ್ವೆ ಮಂಡಳಿ ಹೇಳಿದ್ದೂ ಇದಕ್ಕೇ. ಸುರಕ್ಷತಾ ಆಯುಕ್ತರ ಶಿಫಾರಸುಗಳಲ್ಲಿ ಒಂದು, ನಕ್ಷೆಗಳನ್ನೂ ತಂತಿಯ ಹೆಸರುಚೀಟಿಗಳನ್ನೂ ಸ್ಥಳದಲ್ಲಿ ಇರುವುದಕ್ಕೆ ತಾಳೆ ಹಾಕುವ ಅಭಿಯಾನ ಮಾಡಿ ಅನ್ನುವುದು.

ನಿಯಮ ಇದ್ದೂ ಹೀಗೆಲ್ಲ ಆಯಿತಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಾಡಿ ತಡವಾಗುತ್ತಿದೆ, ಮೇಲಿನಿಂದ ಫೋನು ಬರುತ್ತಿದೆ, ಫಾರಂ ಆಮೇಲೆ ತುಂಬೋಣ, ಈಗ ಒಂದು ತಂತಿ ಅಡ್ಡ ಹಾಕಿ ಬಿಟ್ಟುಬಿಡೋಣ ಅನ್ನುವ ಒತ್ತಡ ಎಲ್ಲ ಕಡೆಯೂ ಒಂದೇ. ಬಿಸಿಲಲ್ಲಿ ಪೆಟ್ಟಿಗೆ ತೆರೆದು ಕೂತವನ ಮೇಲೂ ಇರುತ್ತದೆ, ಏಸಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವನ ಮೇಲೂ ಇರುತ್ತದೆ. ಸಮಯಕ್ಕೆ ಸರಿಯಾಗಿ ಗಾಡಿ ಬಿಟ್ಟವರಿಗೆ ಶಭಾಷ್ ಸಿಗುತ್ತದೆ, ತಾಳೆ ನೋಡಲು ಅರ್ಧ ಗಂಟೆ ತಡ ಮಾಡಿದವರಿಗೆ ಮೆಮೋ. ಈ ಲೆಕ್ಕ ಬದಲಾಗದೆ ಎಂಥಾ ಹೊಸ ಪ್ಲಾಟ್‌ಫಾರ್ಮ್ ತಂದರೂ ಅಷ್ಟೇ.

ನಮ್ಮ ಕೆಲಸಕ್ಕೆ ಇದರಿಂದ ಏನು ತೆಗೆದುಕೊಳ್ಳಬಹುದು? ನಾನು ಈಗ ಪಾಲಿಸುವುದು ಇಷ್ಟು. ಹೊಸ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರಿಗೆ ಮೊದಲ ಕೆಲವು ವಾರ ಓದುವ ಅಧಿಕಾರ ಮಾತ್ರ, ಬರೆಯುವ ಅಧಿಕಾರ ಇಲ್ಲ. ಅದು ತನ್ನ ಮಾದರಿಗೂ ನೆಲದ ಮೇಲಿನ ಸ್ಥಿತಿಗೂ ಇರುವ ವ್ಯತ್ಯಾಸದ ಪಟ್ಟಿ ಕೊಡಲಿ. ಪಟ್ಟಿಯ ಒಂದೊಂದು ಸಾಲನ್ನೂ ಅಲ್ಲಿ ಕೆಲಸ ಮಾಡುವವರ ಮುಂದಿಟ್ಟು "ಇದು ಯಾಕಿದೆ?" ಅಂತ ಕೇಳಬೇಕು. ಕಳೆ ಅನಿಸಿದ್ದು ಎಷ್ಟೋ ಸಲ ಬೆಳೆಯೇ ಆಗಿರುತ್ತದೆ. ಹಳೆಯದರ ಬರೆಯುವ ಅಧಿಕಾರ ಕಿತ್ತ ಮೇಲೆಯೇ ಹೊಸದಕ್ಕೆ ಕೊಡಬೇಕು, ಇಬ್ಬರು ಸಾರಥಿಗಳು ಬೇಡ. ಮೊದಲು ಒಂದು ಸ್ವಿಚ್, ಆಮೇಲೆ ಹತ್ತು, ಆಮೇಲೆ ಸಾವಿರ. ಕೊನೆಯದಾಗಿ, ಪರದೆ ಹಸಿರು ತೋರಿಸಿದ ತಕ್ಷಣ ಮುಗಿಯಿತು ಅನ್ನಬಾರದು. ಪ್ರಿಂಟರಿನ ಹತ್ತಿರ ಹೋಗಿ ಒಂದು ಹಾಳೆ ಪ್ರಿಂಟ್ ತೆಗೆದು ನೋಡಬೇಕು.

ಆ ಫೆಬ್ರವರಿ ಸಂಜೆಯ ಗಾಡಿಯಲ್ಲಿ ಎಷ್ಟು ಜನ ಇದ್ದರೋ, ಅವರಲ್ಲಿ ಬಹುಪಾಲು ಜನರಿಗೆ ಗಾಡಿ ಯಾಕೆ ನಿಂತಿತು ಅಂತಲೂ ತಿಳಿದಿರಲಿಕ್ಕಿಲ್ಲ. ಕ್ರಾಸಿಂಗ್ ಇರಬೇಕು ಅಂದುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿರುತ್ತಾರೆ. ಪ್ಯಾನೆಲ್ಲಿನ ಲೆಕ್ಕದಲ್ಲಿ ಎಲ್ಲವೂ ಸರಿಯಿತ್ತು. ಎಂಜಿನ್ನಿನಲ್ಲಿ ಕೂತವರು ಹಳಿಯ ಮೇಲೂ ಒಂದು ಕಣ್ಣಿಟ್ಟಿದ್ದರು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ರೈಲ್ವೆಯಲ್ಲಿ ದುಡಿದ ಹಿರಿಯರಿದ್ದರೆ, ಬೀರೂರು, ಅಜ್ಜಂಪುರ, ಚಿಕ್ಕಜಾಜೂರು ಕಡೆ ಲಿವರ್ ಎಳೆದವರಿದ್ದರೆ, ಅವರ ನೆನಪುಗಳನ್ನು ಕೇಳಿ ಬರೆದಿಡಿ. ಅವರ ತಲೆಯಲ್ಲಿ ಇರುವುದು ಯಾವ ನಕ್ಷೆಯಲ್ಲೂ ಇರುವುದಿಲ್ಲ.